ಅವ್ವನ ಹೊಳೆ, ನನ್ನ ಪಾರ್ಕ್‌ವೇ

ನನ್ನ ಅವ್ವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಡಾನ್ ವ್ಯಾಲಿ ಪಾರ್ಕ್‌ವೇ ಎಂಬ ಈ ಪರದೇಶದ ಹೆದ್ದಾರಿಯಲ್ಲಿ ಗಾಡಿ ಓಡಿಸುವುದೆಂದರೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಮಾರ್ಕಮ್‌ನ ನಮ್ಮ ಮನೆಯಿಂದ ಡೌನ್‌ಟೌನಿನ ಕಣ್ಣಿನ ಆಸ್ಪತ್ರೆಗೆ ಇಷ್ಟು ನೆಟ್ಟಗಿನ ದಾರಿ ಇನ್ನೊಂದಿಲ್ಲ. ಕಣಿವೆಯಲ್ಲಿ ರಸ್ತೆಯೂ ಹೊಳೆಯೂ ಜೊತೆಜೊತೆಗೇ ಇಳಿಯುತ್ತವೆ. ಹೊಳೆ ಎಡಕ್ಕೆ ತಿರುಗಿತೋ, ಒಂದು ಸೇತುವೆ. ಬಲಕ್ಕೆ ಬಂತೋ, ಮತ್ತೊಂದು. ಸೇತುವೆ ಬಂದಾಗಲೆಲ್ಲ ಅವ್ವನಿಗೆ ಗ್ಲಾಸು ಇಳಿಸಬೇಕು, ಕೈ ಮುಗಿಯಬೇಕು, ಚಿಲ್ಲರೆ ಚೀಲದಿಂದ ಒಂದು ನಾಣ್ಯ ತೆಗೆದು ಹೊಳೆಗೆ ಒಗೆಯಬೇಕು. ಬೆಳಗಾವಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಹೋಗುವಾಗ ಮಲಪ್ರಭೆಗೂ ಹೀಗೆಯೇ ಒಗೆಯುತ್ತಿದ್ದಳು. ಅಲ್ಲಿ ಒಂದೇ ಸೇತುವೆ, ಒಂದು ನಾಣ್ಯಕ್ಕೆ ಕೆಲಸ ಮುಗಿಯುತ್ತಿತ್ತು.

ಆ ದಿನ ಮೈ ಕೊರೆಯುವ ಚಳಿ. ಸೇತುವೆಯೊಂದರ ರಿಪೇರಿಗೆಂದು ಒಂದು ಲೇನು ಮುಚ್ಚಿ, ಕಿತ್ತಳೆ ಕೋನುಗಳನ್ನು ಸಾಲಾಗಿ ಇಟ್ಟಿದ್ದರು. ಅವ್ವನ ಎಡಗಣ್ಣು ಮಸುಕಾಗಿ, ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಆಗಿತ್ತು. ಅದು ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರು ಹೇಳುವವರಿದ್ದದ್ದು ಅಂದೇ. ನಾನು ಆಫೀಸಿಗೆ ರಜೆ ಹಾಕಿ, ಲೇನು ಬದಲಿಸುತ್ತ, ಅಡ್ಡ ನುಗ್ಗಿದವನಿಗೆ ಹಾರ್ನು ಹೊಡೆದು ಅಪ್ಪಟ ಧಾರವಾಡದ ಬೈಗುಳ ಬೈಯುತ್ತ ಗಾಡಿ ಓಡಿಸುತ್ತಿದ್ದೆ. ಅಷ್ಟರಲ್ಲಿ ಗ್ಲಾಸು ಸರ್ರನೆ ಇಳಿಯಿತು. ಹಿಮಗಾಳಿ ನೇರ ನನ್ನ ಕಿವಿಗೆ!

“ಅವ್ವಾ, ಇದು ಆಗಳೆ ದಾಟಿದ್ದ ಹೊಳಿನ! ಅದ ಸುತ್ತಿ ಸುತ್ತಿ ಬರ್ತೈತಿ. ಒಮ್ಮೆ ಕೈ ಮುಗದಿ, ಸಾಕಾಗಂಗಿಲ್ಲೇನ?”

“ಮುಂಜಾನೆ ಉಂಡೀನಿ ಅಂತ ನೀ ಸಂಜಿಗೆ ಉಪಾಸ ಇರ್ತಿಯೇನ?”

“ನೀ ಒಗದಿದ್ದು ನೀರಿಗೆ ಬೀಳಂಗಿಲ್ಲ, ಯಾರದರ ಗಾಡಿಗೆ ಬೀಳತೈತಿ. ಪೊಲೀಸರು ದಂಡದ ಟಿಕೆಟ್ ಕೊಡೂದು ನನಗ!”

“ಬೀಳಬೇಕಾದಲ್ಲೇ ಬೀಳತೈತಿ. ನೀ ಮುಂದ ನೋಡಿ ಹೊಡಿ.”

ಇಂಥವರ ಜೊತೆ ಏನು ವಾದ ಮಾಡುವುದು?

ಆಸ್ಪತ್ರೆಯಲ್ಲಿ ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತಾಗಲೇ ನನಗೆ ಅರ್ಥವಾಯಿತು. ಎಡಗಣ್ಣಿನ ನೋಟ ಇನ್ನು ಬರುವುದಿಲ್ಲ, ಬಲಗಣ್ಣನ್ನಾದರೂ ಕಾಪಾಡಿಕೊಳ್ಳೋಣ ಎಂದರು. ನಾನು ಕನ್ನಡದಲ್ಲಿ ಹೇಳುವ ಮೊದಲೇ ಅವ್ವ ತಲೆಯಾಡಿಸಿದಳು.

ವಾಪಸು ಹೊರಟೆವು. ಮೊದಲ ಸೇತುವೆ ಹತ್ತಿರವಾಯಿತು. ಅವ್ವನ ಕೈ ಮತ್ತೆ ಆ ಹಾಳು ಚಿಲ್ಲರೆ ಚೀಲಕ್ಕೆ ಹೋಯಿತು. ನನಗೆ ತಡೆಯಲಾಗಲಿಲ್ಲ.

“ಇನ್ನೂ ಒಗೀತಿಯೇನ ಅವ್ವಾ? ಇಷ್ಟ ದಿನ ಬೇಡಕೊಂಡಿ, ಏನ ಕೊಟ್ಟಳು ಆ ಗಂಗವ್ವ? ಕಣ್ಣ ಹೋತಲ್ಲ!” ಕಿರುಚಿದೆ. ಅಳುವೂ ಬಂದುಬಿಟ್ಟಿತು.

ಅವ್ವ ತನ್ನ ಎಡಕ್ಕೆ ಕೂತಿದ್ದ ನನ್ನನ್ನು ನೋಡಲು ಇಡೀ ಮುಖವನ್ನೇ ತಿರುಗಿಸಬೇಕಾಯಿತು.

“ಕಣ್ಣ ಯಾರ ಬೇಡಿದ್ರು? ನೀ ಹಿಂಗ ಸಿಟ್ಟಿಲೆ ಗಾಡಿ ಹೊಡಿತಿ. ಯವ್ವಾ ಗಂಗವ್ವಾ, ನನ್ನ ಮಗಳನ್ನ ನೆಟ್ಟಗ ಮನಿ ಮುಟ್ಟಸು ಅಂತ ಬೇಡತೀನಿ. ಇವತ್ತಿನ ತನಕ ಮುಟ್ಟಿಸ್ಯಾಳಿಲ್ಲೇನ?”

ಎಕ್ಸಲರೇಟರಿನ ಮೇಲಿದ್ದ ಕಾಲು ತಾನಾಗಿಯೇ ಹಗುರಾಯಿತು. ಹಿಂದಿನವನು ಹಾರ್ನು ಹೊಡೆದ. ಹೊಡೆದುಕೊಳ್ಳಲಿ.

ಮುಂದಿನ ಸೇತುವೆ ಬಂದಾಗ ಗ್ಲಾಸನ್ನು ನಾನೇ ಇಳಿಸಿದೆ.

“ಲಗೂನ ಒಗಿ ಅವ್ವಾ, ಥಂಡಿ ಬರಾಕತ್ತೈತಿ.”