ಭಾವ ತೋಡಿಸಿದ ಗುಂಡಿ

ಬಟ್ಟೆಗೆ ಬಣ್ಣ ಹಾಕುವುದು ನಮ್ಮ ಭಾವನ ಕಸುಬು, ಮನೆ ಬದಲಿಸುವುದು ಅವರ ಚಟ. ಒಂದು ಬಾಡಿಗೆ ಮನೆಯಲ್ಲಿ ಗಾಳಿ ಬರುವುದಿಲ್ಲ, ಇನ್ನೊಂದರಲ್ಲಿ ಬಂದ ಗಾಳಿ ಹೋಗುವುದಿಲ್ಲ. ಪಕ್ಕದ ಮನೆಯವನ ಗೊರಕೆ ಕೇಳಿಸುತ್ತದೆಂದು ಒಂದು ಮನೆ ಬಿಟ್ಟರು. ಮುಂದಿನ ಮನೆ ಸ್ಮಶಾನದಷ್ಟು ಮೌನವಾಗಿದೆಯೆಂದು ಅದನ್ನೂ ಬಿಟ್ಟರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಮನುಷ್ಯ. ಜೊತೆಗೆ ಓಡಿ ಓಡಿ ಸುಸ್ತಾದವಳು ನಮ್ಮಕ್ಕ. ಅವಳ ಹತ್ತಿರ ದೊಡ್ಡದೊಂದು ಮರದ ಪೆಟ್ಟಿಗೆಯಿದೆ. ಒಳ್ಳೆಯ ಪಾತ್ರೆ, ಗಾಜಿನ ಬಟ್ಟಲು, ಕೈಯಾರೆ ಹೊಲಿದ ಪರದೆಗಳೆಲ್ಲ ಅದರೊಳಗೆ. ಅದಕ್ಕೆ ಸುತ್ತಿದ ದಪ್ಪ ಹಗ್ಗವನ್ನು ಅವಳು ಯಾವ ಮನೆಯಲ್ಲೂ ಬಿಚ್ಚಲಿಲ್ಲ. ಕೇಳಿದರೆ, "ಬಿಚ್ಚಿದ್ರೆ ಮತ್ತೆ ಕಟ್ಬೇಕಲ್ಲ" ಅನ್ನುತ್ತಿದ್ದಳು.

ಕೊನೆಗೆ ಊರಾಚೆ ಇಳಿಜಾರಿನ ಜಮೀನಿನಲ್ಲಿ ಸ್ವಂತ ಮನೆ ಕಟ್ಟಿಸುವುದೆಂದಾಯಿತು. ಕೆಳಗಿನ ಭಾಗ, ಬಾವಿ ಸಮೇತ, ಭಾವನ ತಂಗಿಯದು. ಅವಳು ಅಲ್ಲಿ ಒಬ್ಬಳೇ ಇದ್ದಾಳೆ. ಮೇಲಿನ ಬರಡು ಭಾಗ ಭಾವನದು. ಪಾಯ ತೆಗೆದ ದಿನ ಅಕ್ಕ ಎಲ್ಲರೆದುರು ಹೇಳಿಬಿಟ್ಟಳು: "ಇದೇ ಕೊನೇ ಮನೆ. ಇದನ್ನೂ ಬಿಡೋದಾದ್ರೆ ನೀವೊಬ್ರೇ ಹೋಗಿ. ನಾನು ನನ್ನ ತಮ್ಮನ ಮನೇಲಿರ್ತೀನಿ."

ಆ ತಮ್ಮ ನಾನು. ಮರುದಿನದಿಂದ ನನ್ನ ಹೆಂಡತಿ ಭಾವನ ಮನೆ ಎಲ್ಲಿಗೆ ಬಂತು ಎಂದು ನನಗಿಂತ ಹೆಚ್ಚು ವಿಚಾರಿಸತೊಡಗಿದಳು.

ಗೋಡೆ ಎದ್ದವು. ಚಾವಣಿ ಹಾಕಿದ ಮೊದಲ ಕೋಣೆಗೆ ಅಕ್ಕ ಆ ಪೆಟ್ಟಿಗೆಯನ್ನು ಸಾಗಿಸಿ, ಅದರ ಮೇಲೆ ಕೂತು ಕೆಲಸ ನೋಡುತ್ತಿದ್ದಳು. ಉಳಿದದ್ದು ಪಾಯಿಖಾನೆಯ ಗುಂಡಿ. ಆ ಕಡೆಗೆ ಚರಂಡಿ ಇಲ್ಲ, ತಮ್ಮದನ್ನು ತಾವೇ ನೋಡಿಕೊಳ್ಳಬೇಕು. ಸಿಮೆಂಟಿನ ರಿಂಗ್ ಇಳಿಸಿದ ಇಂಗುಗುಂಡಿ ಸಾಕೆಂದು ಮೇಸ್ತ್ರಿ. ಭಾವನಿಗೆ ನೆಮ್ಮದಿಯಿಲ್ಲ. ಬೆಳಿಗ್ಗೆ ಸುಣ್ಣದ ಪುಡಿಯಲ್ಲಿ ಹಿತ್ತಿಲಿನಲ್ಲೊಂದು ಗುರುತು ಹಾಕುವರು, ಸಂಜೆ ಅದನ್ನು ಕಾಲಲ್ಲಿ ಅಳಿಸಿ ಮೂಲೆಯಲ್ಲಿ ಇನ್ನೊಂದು. ಕಂಡವರನ್ನೆಲ್ಲ ತಡೆದು ನಿಮ್ಮನೆ ಗುಂಡಿ ಎಂಥದ್ದು ಎಂದು ಕೇಳುವರು. "ಊಟದ ಹೊತ್ತಲ್ಲಾದ್ರೂ ಅದೊಂದು ಬಿಟ್ಟು ಬೇರೇನಾದ್ರೂ ಮಾತಾಡಿ" ಎಂದು ಅಕ್ಕ ತಟ್ಟೆ ಸರಿಸಿ ಎದ್ದದ್ದೂ ಉಂಟು.

ಕೊನೆಗೆ ಮೇಸ್ತ್ರಿ ರೋಸಿಹೋಗಿ ಮನೆಯ ಹಿಂದೆ ಒಂದು ಗುಂಡಿ ತೋಡಿ ನೀರು ತುಂಬಿಸಿದ. ಅವನು ಟೀ ಕುಡಿದು ಮುಗಿಸುವಷ್ಟರಲ್ಲಿ ಗುಂಡಿ ಬರಿದಾಗಿತ್ತು.

"ಯಜಮಾನ್ರೇ, ಇಂಥ ಮಣ್ಣು ಹುಡುಕಿದ್ರೂ ಸಿಗಲ್ಲ. ಗುಂಡಿ ತುಂಬೋ ಮಾತೇ ಇಲ್ಲ."

"ಇಂಗ್ತು, ಸರಿ. ಇಂಗಿ ಎಲ್ಲಿಗೆ ಹೋಯ್ತು?"

"ಭೂಮಿಯೊಳಗೆ."

"ಭೂಮಿಯೊಳಗೆ ಎಲ್ಲಿಗೆ?"

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಬಣ್ಣ ಹಾಕುವ ಶೆಡ್ಡಿನಲ್ಲಿ ತೊಟ್ಟಿ ಸೋರಿದರೆ ಭಾವ ತೂತು ಹುಡುಕುತ್ತ ಕೂರುವುದಿಲ್ಲ. ಗಾಢವಾದ ಬಣ್ಣ ಸುರಿದು ಅದು ಎಲ್ಲಿ ಹೊರಬರುತ್ತದೆಂದು ಕಾಯುತ್ತಾರೆ. ಇಲ್ಲೂ ಅದನ್ನೇ ಮಾಡಿದರು. ಬೇರು ಕುದಿಸಿ ತೆಗೆದ ಕೆಂಪು ಬಣ್ಣವನ್ನು ಬಕೆಟ್ಟುಗಟ್ಟಲೆ ತಂದು ಗುಂಡಿಗೆ ಸುರಿದರು. "ಕೆಳಗೆ ಬಾವಿ ಇದೆ, ತಂಗಿಗೆ ಒಂದು ಮಾತು ಹೇಳಿ" ಅಂದೆ. "ಹೊಟ್ಟೆಗೆ ಹೋದ್ರೂ ಏನೂ ಆಗದ ಬಣ್ಣ. ಸುಮ್ನೆ ಅವಳನ್ನ ಯಾಕೆ ಹೆದರಿಸೋದು" ಅಂದರು. ಬುದ್ಧಿವಂತಿಕೆಯೆಲ್ಲ ಬಣ್ಣಕ್ಕೇ ಖರ್ಚಾಗಿತ್ತೇನೋ.

ಅಂದಿನಿಂದ ಭಾವ ನಿಂತಲ್ಲಿ ನಿಲ್ಲಲಿಲ್ಲ. ಗುಂಡಿಯಿಂದ ಬಾವಿಗೆ, ಬಾವಿಯಿಂದ ಗುಂಡಿಗೆ. ಬೆಳಗಾದರೆ ತಂಗಿಯ ಮನೆಗೆ ಹೋಗಿ ಕುಡಿಯಲು ನೀರು ಕೇಳಿ, ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಕುಡಿಯುವರು. ಅವಳಿಗೋ ಹಿಗ್ಗು. ತಿಂಗಳಾನುಗಟ್ಟಲೆ ಮುಖ ತೋರಿಸದ ಅಣ್ಣ ದಿನಾ ಬರುತ್ತಿದ್ದಾನೆ. "ವಯಸ್ಸಾದ ಮೇಲಾದ್ರೂ ಅಣ್ಣನಿಗೆ ತಂಗಿ ನೆನಪಾದ್ಲು" ಎಂದು ಅಕ್ಕನ ಹತ್ತಿರ ಹೇಳಿಕೊಂಡಳಂತೆ. ನೀರು ಮಾತ್ರ ತಿಳಿಯಾಗಿಯೇ ಇತ್ತು. ಮೇಸ್ತ್ರಿ ರಿಂಗುಗಳನ್ನು ತರಿಸಿದ. ಭಾವ ಅರೆಮನಸ್ಸಿನಿಂದ ಹೂಂ ಅಂದರು.

ಆಮೇಲೆ ಒಂದು ಜೋರು ಮಳೆ ಬಂತು. ಎರಡು ದಿನ ಕಳೆದು ತಂಗಿ ಒದ್ದೆ ಬಟ್ಟೆಯ ಬುಟ್ಟಿ ಹೊತ್ತುಕೊಂಡು ಏದುಸಿರು ಬಿಡುತ್ತ ಏರಿ ಬಂದಳು. ಒಂದೊಂದೇ ಹಾಸಿಗೆ ಬಟ್ಟೆ ತೆಗೆದು ನಮ್ಮೆದುರು ರಿಂಗಿನ ಮೇಲೆ ಹರವಿದಳು. ಬಿಳಿಯವೆಲ್ಲ ಗುಲಾಬಿಯಾಗಿದ್ದವು.

"ಅಣ್ಣಾ, ಇದು ನಿನ್ನ ಬಣ್ಣ ತಾನೇ?"

ಭಾವ ಬಟ್ಟೆಯ ಅಂಚನ್ನು ಮುಟ್ಟಿ ನೋಡಿದರು. ತಮ್ಮ ಕೈಯ ಬಣ್ಣ ಅವರಿಗೆ ತಿಳಿಯದೆ ಇರುತ್ತದೆಯೇ. ಗುಂಡಿಯ ವಿಷಯವನ್ನೆಲ್ಲ ಹೇಳಿದರು. ಅವಳು ಪೂರ್ತಿ ಕೇಳಿಸಿಕೊಂಡಳು.

"ಹಂಗಾದ್ರೆ ದಿನಾ ಬರ್ತಿದ್ದಿದ್ದು ನೀರು ನೋಡೋಕೆ. ನನ್ನ ನೋಡೋಕೆ ಅಂದ್ಕೊಂಡಿದ್ದೆ."

ಅಷ್ಟು ಹೇಳಿ ಬಟ್ಟೆಯನ್ನು ಅಲ್ಲೇ ಬಿಟ್ಟು ಇಳಿದು ಹೋದಳು. ನನಗೆ ಭಾವನ ಮೇಲೆ ಮೈಯೆಲ್ಲ ಉರಿಯಿತು, ಮರುಗಳಿಗೆಯಲ್ಲಿ ಅವರ ಮುಖ ನೋಡಿ ಅಯ್ಯೋ ಅನ್ನಿಸಿತು. ಅಕ್ಕ ಕೋಣೆಗೆ ಹೋಗಿ, ಪೆಟ್ಟಿಗೆಯ ಹಗ್ಗ ಎಳೆದು ಬಿಗಿ ಮಾಡತೊಡಗಿದಳು. ಈ ಮನೆಯೂ ಮುಗಿಯಿತೆಂದು ಅವಳಿಗೂ ಖಾತ್ರಿ, ನನಗೂ ಖಾತ್ರಿ.

ಭಾವ ಬಾಗಿಲಲ್ಲಿ ನಿಂತು ಅದನ್ನು ನೋಡಿದರು. "ಗುಂಡಿ ಹೋಗ್ಲಿ. ನಾನು ಹೋಗಲ್ಲ" ಅಂದರು.

ಇಳಿಜಾರಿನ ಇನ್ನೊಂದು ಮಗ್ಗುಲಲ್ಲಿ ಜಿಗುಟು ಮಣ್ಣು, ನೀರು ಬೇಗ ಇಂಗುವುದಿಲ್ಲ, ಬಾವಿಯೂ ದೂರ. ಅಲ್ಲಿ ಎರಡು ಕೋಣೆಯ, ತಳ ಮುಚ್ಚಿದ ಸೆಪ್ಟಿಕ್ ಟ್ಯಾಂಕು, ಅದರಿಂದ ಹೊರಬರುವ ನೀರಿಗೆ ಜಲ್ಲಿಯ ಪಾತಿ, ಪಾತಿಯ ಮೇಲೆ ನೀರು ಹೀರುವ ಗಿಡ ಎಂದು ತೀರ್ಮಾನಿಸಿದರು. ತೊಡಕೊಂದೇ: ಅದು ಮುಂಬಾಗಿಲಿಗೆ ಎದುರಾಗಿಯೇ ಬರುತ್ತದೆ.

"ಮನೆ ಮುಂದೆ ಯಾರಾದ್ರೂ ಇದನ್ನ ಇಟ್ಕೋತಾರಾ, ಯಜಮಾನ್ರೇ?" ಮೇಸ್ತ್ರಿ ಕೇಳಿದ.

"ಹಿಂದೆ ಇಟ್ರೆ ತಂಗಿ ಕುಡೀಬೇಕು. ಮುಂದೆ ಇಟ್ರೆ ನಾನು ನೋಡ್ಬೇಕು. ನೋಡ್ತೀನಿ ಬಿಡು."

ಟ್ಯಾಂಕು ಮುಗಿದ ದಿನ ಮತ್ತೆ ಬಣ್ಣ ಸುರಿದರು, ಈ ಸಲ ಹಸಿರು, ತಂಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ಮಳೆಗಾಲವಿಡೀ ಅವಳು ಬಿಳಿ ಬಟ್ಟಲಿನಲ್ಲಿ ನೀರು ಹಿಡಿದು ನೋಡಿದಳು, ತಿಳಿಯಾಗಿಯೇ ಇತ್ತು. ಭಾವ ಈಗಲೂ ದಿನಾ ಇಳಿದು ಹೋಗುತ್ತಾರೆ. ಲೋಟವನ್ನು ಬೆಳಕಿಗೆ ಹಿಡಿಯುವುದಿಲ್ಲ. ಕೂತು ಮಾತಾಡಿ ಬರುತ್ತಾರೆ, ಆ ಕೂರುವುದೂ ಕುರ್ಚಿಯ ತುದಿಯಲ್ಲೇ.

ಮೊನ್ನೆ ನಾನು ಹೋದಾಗ ಭಾವ ಮನೆಯೆಲ್ಲ ತಡಕಾಡುತ್ತಿದ್ದರು. ಪೆಟ್ಟಿಗೆಯ ಬಾಯಿ ತೆರೆದಿತ್ತು. ಕಿಟಕಿಗೆ ಪರದೆ ಬಂದಿತ್ತು.

"ಹಗ್ಗ ಎಲ್ಲೇ?"

"ನಿಮ್ಮ ತಂಗಿ ಬಾವಿ ಹಗ್ಗ ಕಿತ್ತೋಗಿತ್ತು. ಕೊಟ್ಟೆ."

"ಕೊಟ್ಬಿಟ್ಯಾ? ನಾಳೆ ಪೆಟ್ಟಿಗೆ ಕಟ್ಬೇಕಾದ್ರೆ?"

ಅಕ್ಕ ಗಾಜಿನ ಬಟ್ಟಲು ಒರೆಸುತ್ತಿದ್ದವಳು ತಲೆ ಎತ್ತಲಿಲ್ಲ. "ಕೆಳಗೆ ಹೋಗಿ ಕೇಳಿ. ನೀರು ಸೇದೋದು ಬಿಟ್ಟು ಕೊಡ್ತಾಳೇನೋ."

ಭಾವ ಬಾಗಿಲ ತನಕ ಹೋದರು. ಕೆಳಗೆ ರಾಟೆ ತಿರುಗುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತರು, ಆಮೇಲೆ ಒಳಗೆ ಬಂದು ಪೆಟ್ಟಿಗೆಯ ಮುಚ್ಚಳ ಹಾಕಿ ಅದರ ಮೇಲೆ ಕೂತರು.