ಹೆರಿಗೆಯ ದಿನ ನೋಡಿದ ಸಿನಿಮಾ

ನಿನ್ನೆ ಮೊಮ್ಮಗ ನನ್ನ ಬೆರಳು ಹಿಡಿದ. ಬಿಡಲೇ ಇಲ್ಲ ಮಾರಾಯ್ರೆ! ಆ ಖುಷಿ ತಡೆಯಲಾರದೆ ಬರೆಯಲು ಕೂತಿದ್ದೇನೆ. ಶಾಲೆಗೆ ಹೋದದ್ದು ಕಡಿಮೆ. ತಪ್ಪಿದ್ದರೆ ನೀವೇ ಸರಿ ಮಾಡಿ ಓದಿಕೊಳ್ಳಿ.

ಅವನು ಹುಟ್ಟಿದ ದಿನ ನನ್ನ ಜೀವ ನನ್ನಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ಮಂಗಳೂರಿನಿಂದ ಮಸ್ಕತ್ತಿಗೆ ಬಂದಿದ್ದೆ. ದಿನ ತುಂಬುವ ಮೊದಲೇ ಒಂದು ಬೆಳಿಗ್ಗೆ ಅವಳಿಗೆ ಬಿಪಿ ಏರಿ ಕಣ್ಣು ಮಂಜಾಯಿತು. ಅಳಿಯ ಕಾರಿನಲ್ಲಿ ಕರೆದುಕೊಂಡು ಓಡಿದರು. ಮಧ್ಯಾಹ್ನ ಒಂದು ಫೋನು: "ಅತ್ತೆ, ಆಪರೇಷನ್ನಿಗೆ ಒಳಗೆ ತೆಗೊಂಡು ಹೋದ್ರು. ಇಬ್ಬರಿಗೂ ಕಷ್ಟ ಉಂಟು ಅಂದ್ರು ಡಾಕ್ಟ್ರು." ಮತ್ತೆ ಸುದ್ದಿಯೇ ಇಲ್ಲ.

ಅಲ್ ಮಬೇಲಾ ಎಂಬಲ್ಲಿಯ ಮಗಳ ಫ್ಲ್ಯಾಟಿನಲ್ಲಿ ನಾನು ಮತ್ತು ಎರಡನೇ ಕ್ಲಾಸಿನ ಮೊಮ್ಮಗಳು. ಶಾಲೆಯ ನಾಟಕಕ್ಕಾಗಿ ಹಾಲಿವುಡ್ಡಿನ ಹಳೇ ಕಪ್ಪು ಬಿಳುಪು ಸಿನಿಮಾ ಒಂದನ್ನು ನೋಡಿ ಬರಲು ಟೀಚರ್ ಹೇಳಿದ್ದರಂತೆ. ಅದನ್ನು ಹಾಕಿಕೊಂಡು ಕೂತಿದ್ದಳು. ಒಬ್ಬಳು ರೇಡಿಯೋದಲ್ಲಿ ಹಾಡುತ್ತಾಳೆ, ಊರಿಗೆ ಊರೇ ಅವಳ ಸ್ವರಕ್ಕೆ ಮರುಳು. ಪಕ್ಕದ ಮನೆಯ ಹುಡುಗನೂ ಆ ಸ್ವರವನ್ನೇ ಪ್ರೀತಿಸುವುದು. ಆದರೆ ಮೆಟ್ಟಿಲಲ್ಲಿ ಅವಳು ಎದುರು ಸಿಕ್ಕಿದರೆ ಜಗಳ!

ನನಗೆ ಎಲ್ಲಿಯ ಸಿನಿಮಾ? ಬೆಂಕಿಪೆಟ್ಟಿಗೆ ಹಿಡಿದು ದೇವರ ಫೋಟೋದ ಎದುರು ನಿಂತಿದ್ದೆ. ದೀಪ ಹಚ್ಚಿ ಬೇಡಿಕೊಳ್ಳುವ ಅಂದರೆ, ಮಗು ಆಗಲೇ ಹುಟ್ಟಿದ್ದರೆ? ನಮ್ಮಲ್ಲಿ ಮಗು ಹುಟ್ಟಿದ ಗಳಿಗೆಯಿಂದ ಮನೆಯವರಿಗೆ ಅಮೆ, ಅಂದರೆ ಹುಟ್ಟಿನ ಸೂತಕ, ದೇವರ ದೀಪ ಮುಟ್ಟುವ ಹಾಗಿಲ್ಲ. ಹುಟ್ಟಿಲ್ಲದಿದ್ದರೆ, ಇಂಥ ಹೊತ್ತಿನಲ್ಲಿ ಹಚ್ಚದೆ ಇರುವುದು ಹೇಗೆ? ಯಾರನ್ನು ಕೇಳಲಿ? ಕಡ್ಡಿ ತೆಗೆಯುವುದು, ಒಳಗಿಡುವುದು.

"ಅಜ್ಜಿ, ಕಮ್ ನಾ. ಫನ್ನಿ ಸೀನ್ ಬರ್ತದೆ."

ಮೊಮ್ಮಗಳು ಹೆದರಬಾರದು ಎಂದು ಹೋಗಿ ಕೂತೆ. "ಅವಳೇ ಇವಳು ಅಂತ ಆ ಪೆದ್ದನಿಗೆ ಹೇಳುವವರು ಯಾರೂ ಇಲ್ವಾ?"

"ಹೇಳಿದ್ರೆ ಮೂವಿ ಓವರ್, ಅಜ್ಜಿ!"

ಅಷ್ಟರಲ್ಲಿ ರೇಡಿಯೋ ಕಂಪನಿಯ ಡೊಳ್ಳುಹೊಟ್ಟೆಯ ಯಜಮಾನ ಮೈಕಿನ ವಯರಿಗೆ ಕಾಲು ಸಿಕ್ಕಿಸಿಕೊಂಡು ದೊಡ್ಡ ಡ್ರಮ್ಮಿನೊಳಗೆ ಬಿದ್ದ. ನನಗೆ ನಗು ಬಂತು! ಮಗಳು ಅಲ್ಲಿ ಆಪರೇಷನ್ ಟೇಬಲ್ಲಿನ ಮೇಲೆ, ನಾನಿಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೇನೆ. ಎಂಥ ತಾಯಿ ನಾನು! ನಗುತ್ತಾ ನಗುತ್ತಾ ಅಳು ಉಕ್ಕಿತು. ಸೆರಗನ್ನು ಬಾಯಿಗೆ ತುರುಕಿಕೊಂಡೆ.

"ಫನ್ನಿ ಅಲ್ವಾ ಅಜ್ಜಿ?" ಎಂದು ಮೊಮ್ಮಗಳು ನನ್ನ ಕೆನ್ನೆ ಒರೆಸಿದಳು.

ಆಗ ಫೋನು ಬಡಿಯಿತು. ಎತ್ತಲು ಕೈ ಬರಲಿಲ್ಲ. ಅವಳೇ ತಂದು ನನ್ನ ಕಿವಿಗೆ ಹಿಡಿದಳು.

"ಅತ್ತೆ, ಗಂಡು. ತುಂಬಾ ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಆದ್ರೆ ಜೋರು ಅಳ್ತಾನೆ."

"ನನ್ನ ಮಗಳು? ಅವಳ ಸುದ್ದಿ ಹೇಳಿ ಮೊದಲು!"

"ಎಚ್ಚರ ಉಂಟು. ಕೊಡ್ತೇನೆ, ತಗೊಳ್ಳಿ."

"ಅಮ್ಮಾ..." ಸ್ವರ ನೂಲಿನ ಹಾಗೆ. "ಮನೆಯಲ್ಲಿ ಯಾರು ಹಾಡುವುದು?"

ಸಮಾಧಾನದ ಮಾತು ಎರಡು ಹೇಳಬೇಕಿತ್ತು ನಾನು. ಹೇಳಿದ್ದು ಎಂತ? ಆ ರೇಡಿಯೋದವಳ ಕಥೆ! ಮೆಟ್ಟಿಲಿನ ಜಗಳ, ಡ್ರಮ್ಮಿಗೆ ಬಿದ್ದ ಯಜಮಾನ, ಎಲ್ಲ ಒಂದೇ ಉಸಿರಿಗೆ. ಅವಳು "ಹ್ಞೂಂ" ಅಂದ ಹಾಗೆಲ್ಲ ಇನ್ನಷ್ಟು ಹೇಳಿದೆ. ಕಥೆ ನಿಂತರೆ ಆ ಹ್ಞೂಂ ನಿಂತುಬಿಡುತ್ತದೋ ಎಂಬ ಹೆದರಿಕೆ ನನಗೆ. ಕೊನೆಗೆ ನರ್ಸಮ್ಮ "ಖಲಾಸ್, ಖಲಾಸ್!" ಎಂದು, ಸಾಕು ಮಾತು ಅಂತ ಅರಬಿಯಲ್ಲಿ ಗದರಿಸಿ ಫೋನು ತೆಗೆದುಕೊಂಡಳು. ನನ್ನ ಮಗಳು ನಗುತ್ತಿದ್ದದ್ದು ಅಷ್ಟು ದೂರದಿಂದಲೂ ಕೇಳಿಸಿತು.