ಗೇಟು ದಾಟದ ಚಕ್ಕೋತ

ದೇವನಹಳ್ಳಿಯ ಕೋಟೆ ಬೀದಿಯಲ್ಲಿ ಅಪ್ಪಯ್ಯಣ್ಣನ ಮನೆ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಚಕ್ಕೋತದ ಮನೆ ಯಾವುದು ಎಂದು ಕೇಳಿದರೆ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ. ಇದನ್ನು ಅಪ್ಪಯ್ಯಣ್ಣನೇ ಹೇಳಿಕೊಂಡು ನಗುತ್ತಾನೆ. ಬಸ್ ಕಂಡಕ್ಟರಾಗಿ ವಿಜಯಪುರದ ದಾರಿಯಲ್ಲಿ ಆಯಸ್ಸು ಸವೆಸಿದರೂ ತನ್ನ ಮುಖವನ್ನು ಒಬ್ಬರೂ ನೆನಪಿಟ್ಟುಕೊಳ್ಳಲಿಲ್ಲ, ಹಿತ್ತಲಲ್ಲಿ ಸುಮ್ಮನೆ ನಿಂತಿದ್ದ ಮರ ಹೆಸರು ಮಾಡಿಬಿಟ್ಟಿತು ಎನ್ನುತ್ತಾನೆ.

ಮರ ಅವನ ತಾಯಿ ನೆಟ್ಟದ್ದು. ಕಾಯಿಗಳು ಮಗುವಿನ ತಲೆಯಷ್ಟಿರುತ್ತವೆ, ಬಿಡಿಸಿದರೆ ತೊಳೆಗಳು ನಸುಗೆಂಪು. ಕರೆಂಟು ಹೋದಾಗ ಲೈನ್‌ಮನ್‌ಗೆ ಒಂದು, ಬ್ಯಾಂಕಿನಲ್ಲಿ ಕೌಂಟರಿನ ಹುಡುಗಿಗೆ ಒಂದು, ನೀರು ಬಿಡುವವನಿಗೆ ಒಂದು. ತನ್ನ ಕೈ ಬಹಳ ಧಾರಾಳ ಎಂದು ಅವನು ನಂಬಿದ್ದ. "ಅದು ದಾನ ಅಲ್ಲ, ನೀವು ಹಾಕೋ ಅರ್ಜಿ" ಎಂದು ಹೆಂಡತಿ ಮುನಿರತ್ನಮ್ಮ ಹೇಳುತ್ತಿದ್ದಳು. ಯೋಚಿಸಿದರೆ ಅವಳ ಮಾತೇ ಸರಿ ಎನ್ನಿಸಿ ಅವನು ಆ ಬಗ್ಗೆ ಯೋಚಿಸುವುದನ್ನೇ ಬಿಟ್ಟಿದ್ದ.

ಒಂದು ಹಣ್ಣು ಮಾತ್ರ ಯಾವ ಕೆಲಸಕ್ಕೂ ಹೋಗುತ್ತಿರಲಿಲ್ಲ. ಗೌರಿ ಹಬ್ಬದ ಹಿಂದಿನ ವಾರ ಮರದಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕಿತ್ತು, ಬೂದಿಗೆರೆಯಲ್ಲಿದ್ದ ಅಕ್ಕ ಅಂಜಿನಮ್ಮನಿಗೆ ಕೊಟ್ಟು ಬರುತ್ತಿದ್ದ. ತಾಯಿ ಇದ್ದಾಗ ಅಕ್ಕ ಹಬ್ಬಕ್ಕೆ ತವರಿಗೇ ಬರುತ್ತಿದ್ದಳು. ಬಾಗಿನ ತಗೊಂಡು, ಮರದ ಕೆಳಗೆ ಕೂತು ಸೆರಗಿನ ತುಂಬ ಸಿಪ್ಪೆ ಹಾಕಿಕೊಂಡು ತಿಂದು, ಮಡಿಲು ತುಂಬಿಸಿಕೊಂಡು ಹೋಗುತ್ತಿದ್ದಳು. ತಾಯಿ ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಹಬ್ಬವಿಲ್ಲದ ಮನೆಗೆ ಅಕ್ಕನನ್ನು ಕರೆಯುವುದು ಹೇಗೆ ಎಂದು ಅಪ್ಪಯ್ಯಣ್ಣ ಹಣ್ಣನ್ನೇ ಅವಳ ಮನೆಗೆ ತಲುಪಿಸಿದ. ಮರುವರ್ಷ ಮನೆಗೆ ಹಬ್ಬ ತಿರುಗಿ ಬಂತು, ಆದರೆ ಅವನು ಅಕ್ಕನನ್ನು ಕರೆಯುವ ಬದಲು ಹಣ್ಣನ್ನೇ ಮತ್ತೆ ತಗೊಂಡು ಹೋದ. ಕರೆಯಬೇಕೆಂದರೆ ಸೀರೆ ತರಬೇಕು, ಅಡಿಗೆ ಆಗಬೇಕು, ಉಪಚಾರ ನಡೆಯಬೇಕು. ಹಣ್ಣಾದರೆ ಸ್ಕೂಟರಿನ ಕೊಕ್ಕೆಗೆ ಚೀಲ ನೇತುಹಾಕಿದರೆ ಮುಗಿಯಿತು. ಜಗುಲಿಯ ಮೇಲೆ ಇಟ್ಟು, "ಬರ್ತೀನಿ ಅಕ್ಕಾ, ಬಿಸಿಲಾಗ್ತದೆ" ಎಂದು ಹೊರಟುಬಿಡುತ್ತಿದ್ದ. ಮೋಡ ಕವಿದ ದಿನವೂ ಹಾಗೇ ಹೇಳಿದ್ದುಂಟು.

ಈ ವರ್ಷ ಎಲ್ಲಿಂದಲೋ ಒಂದು ಹೊಸ ಹಣ್ಣುನೊಣ ಬಂತು. ವಿಮಾನದಲ್ಲಿ ಬಂತೋ, ಹಣ್ಣಿನ ಪೆಟ್ಟಿಗೆಯಲ್ಲಿ ಬಂತೋ, ನೋಡಿದವರಿಲ್ಲ. ಅದು ಹಣ್ಣಿಗೆ ಚುಚ್ಚಿ ಮೊಟ್ಟೆಯಿಡುತ್ತದೆ, ಒಳಗೆ ಹುಳವಾಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ತೋಟಗಾರಿಕೆಯವರು ಊರ ಸುತ್ತ ಗೆರೆ ಎಳೆದು, ಹೊರಹೋಗುವ ರಸ್ತೆಗಳಲ್ಲಿ ಗಾಡಿಗಳ ತಪಾಸಣೆಗೆ ನಿಂತರು. ಹಿತ್ತಲಿನ ಹಣ್ಣನ್ನು ಮನೆಯವರು ಮನೆಯೊಳಗೇ ತಿನ್ನಬಹುದು, ಅದು ಗೇಟು ದಾಟಬಾರದು. ಉದುರಿದ್ದನ್ನು ಕಪ್ಪು ಕವರಿನಲ್ಲಿ ಕಟ್ಟಿ ಬಿಸಿಲಿಗಿಡಬೇಕು.

ಇದನ್ನು ಹೇಳಲು ಅವನ ಮನೆಗೆ ಬಂದವಳು ಹರ್ಷಿತ, ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿ. ಮರಕ್ಕೆ ನೊಣ ಹಿಡಿಯುವ ಡಬ್ಬಿ ಕಟ್ಟಿದಳು. ಅಪ್ಪಯ್ಯಣ್ಣ ಅವಳಿಗೆ ಕಾಫಿ ಕೊಟ್ಟು ಉಪದೇಶವನ್ನೂ ಕೊಟ್ಟ.

"ನಮ್ಮ ಮರಕ್ಕೆ ಹುಳ ಬರಲ್ಲಮ್ಮ. ಸಿಪ್ಪೆ ನೋಡಿದ್ದೀಯಾ, ಎಷ್ಟು ದಪ್ಪ? ನೊಣ ಸೂಜಿ ಮುರ್ಕೊಳ್ತದೆ."

"ಇರ್ಬಹುದು ತಾತ. ಆದ್ರೂ ಗೇಟು ದಾಟಿಸ್ಬೇಡಿ" ಎಂದು ಅವಳು ಕಾಫಿ ಕುಡಿದು ಹೋದಳು.

ಗೌರಿ ಹಬ್ಬ ಹತ್ತಿರ ಬಂತು. ಅಪ್ಪಯ್ಯಣ್ಣನಿಗೆ ನಿಜವಾಗಿಯೂ ಭಯವಾಯಿತು. ತವರಿನಿಂದ ಅಕ್ಕನಿಗೆ ಹೋಗುತ್ತಿದ್ದದ್ದು ಅದೊಂದೇ. ಅದೂ ನಿಂತರೆ ತಮ್ಮ ತನ್ನನ್ನು ಕಳಚಿಕೊಂಡ ಎಂದುಕೊಳ್ಳುವುದಿಲ್ಲವೇ? ಫೋನಿನಲ್ಲಿ ನೊಣದ ಕಥೆ ಹೇಳಿದರೆ ನಂಬುತ್ತಾಳೆಯೇ? ಅವನಾಗಿದ್ದರೆ ನಂಬುತ್ತಿರಲಿಲ್ಲ.

ಆಗ ಅವನ ತಲೆಗೆ ಹೊಳೆದ ಉಪಾಯವನ್ನು ಅವನು ಈಗ ಯಾರ ಮುಂದೆ ಹೇಳಿದರೂ ಮುಖ ಮುಚ್ಚಿಕೊಂಡೇ ಹೇಳುತ್ತಾನೆ. ಚೀಲದಲ್ಲಿಟ್ಟರೆ ಕಾಣುತ್ತದೆ, ಡಿಕ್ಕಿಯಲ್ಲಿಟ್ಟರೆ ತೆರೆಸುತ್ತಾರೆ. ಹಣ್ಣನ್ನು ಹೊಟ್ಟೆಯ ಮೇಲಿಟ್ಟು, ಹೆಂಡತಿಯ ಹಳೆ ಸೀರೆಯ ತುಂಡಿನಿಂದ ಬಿಗಿದು, ಮೇಲೆ ಬನಿಯನ್ನು, ಅದರ ಮೇಲೆ ಸಡಿಲ ಶರಟು ಹಾಕಿಕೊಂಡ. ಅಪ್ಪಯ್ಯಣ್ಣನದು ಕಡ್ಡಿಯಂಥ ಮೈ. ಮುನಿರತ್ನಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ತಿಂಗಳು?" ಎಂದು ಕೇಳಿ ಒಳಗೆ ಹೋದಳು.

ಬೂದಿಗೆರೆ ರಸ್ತೆಯಲ್ಲಿ ತಪಾಸಣೆ ಮಾಡುತ್ತಿದ್ದವಳು ಅದೇ ಹರ್ಷಿತ. ಅವಳು ಸ್ಕೂಟರಿನ ಡಿಕ್ಕಿ ನೋಡಿದಳು, ಆಮೇಲೆ ಅವನ ಹೊಟ್ಟೆ ನೋಡಿದಳು.

"ತಾತ, ಮೊನ್ನೆ ನಿಮ್ಮ ಮನೇಲಿ ಕಾಫಿ ಕುಡ್ದಾಗ ಇದು ಇರ್ಲಿಲ್ಲ."

"ಗ್ಯಾಸು ಕಣಮ್ಮ."

"ಸ್ವಲ್ಪ ಗಾಡಿಯಿಂದ ಇಳೀರಿ."

ಇಳಿಯುವಾಗ ಗಂಟು ಸಡಿಲಾಯಿತು. ಗ್ಯಾಸು ಶರಟಿನ ಕೆಳಗಿನಿಂದ ಜಾರಿ ರಸ್ತೆಗೆ ಬಿದ್ದು, ಉರುಳಿಕೊಂಡು ಹೋಗಿ ಅವಳ ಬೂಟಿಗೆ ತಾಗಿ ನಿಂತಿತು. ಹಿಂದೆ ನಿಂತಿದ್ದ ಆಟೋದವನು ನಗುವುದಕ್ಕಾಗಿಯೇ ಇಂಜಿನ್ ಆಫ್ ಮಾಡಿದ.

ಹರ್ಷಿತ ನಗಲಿಲ್ಲ. ಹಣ್ಣನ್ನು ಮೇಜಿನ ಮೇಲಿಟ್ಟು ಎರಡು ಹೋಳು ಮಾಡಿದಳು. ನಸುಗೆಂಪು ತೊಳೆಗಳ ನಡುವೆ ಬಿಳಿ ಹುಳಗಳು ಮಿಜಿಮಿಜಿ ಎನ್ನುತ್ತಿದ್ದವು. ಅಪ್ಪಯ್ಯಣ್ಣನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸಿಕ್ಕಿಬಿದ್ದ ನಾಚಿಕೆಗಿಂತ ಇದು ದೊಡ್ಡದಾಗಿತ್ತು. ಇದನ್ನು ತನ್ನ ಕೈಯಾರೆ ಅಕ್ಕನ ಮಡಿಲಿಗೆ ಹಾಕಲು ಹೊರಟಿದ್ದ, ಅವಳ ಊರಿನ ಸೀಬೆ ತೋಟಗಳಿಗೆಲ್ಲ ಹಂಚಲು ಹೊರಟಿದ್ದ.

"ನಾಳೆ ಬಂದು ನಿಮ್ಮ ಮರದ ಕಾಯೆಲ್ಲಾ ಇಳಿಸ್ಬೇಕಾಗುತ್ತೆ ತಾತ" ಎಂದಳು ಹರ್ಷಿತ, ಮೆತ್ತಗೆ. "ಯಾರ ಮನೆಗೆ ಹೊರಟಿದ್ರಿ?"

"ಅಕ್ಕನ ಮನೆಗೆ."

"ಹೋಗ್ಬನ್ನಿ. ತಡೆ ಇರೋದು ಹಣ್ಣಿಗೆ, ನಿಮಗಲ್ಲ."

ಅಂಜಿನಮ್ಮ ಜಗುಲಿಯಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ತಮ್ಮನ ಕೈ ನೋಡಿದಳು, ಸ್ಕೂಟರಿನ ಕೊಕ್ಕೆ ನೋಡಿದಳು, ನೀರು ತಂದುಕೊಟ್ಟಳು. ಜಗುಲಿಯ ಮೇಲೆ ಇಟ್ಟು ಹೋಗಲು ಅವನ ಬಳಿ ಏನೂ ಇರಲಿಲ್ಲ, ಹಾಗಾಗಿ ತಾನೇ ಕೂತ. ನೊಣ, ಡಬ್ಬಿ, ಹೊಟ್ಟೆ, ಗ್ಯಾಸು, ಎಲ್ಲವನ್ನೂ ಹೇಳಿದ. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೆರಗಿನಿಂದ ಕಣ್ಣು ಒರೆಸಿಕೊಂಡವಳು ಮತ್ತೆ ನಗಲಿಲ್ಲ.

"ಆ ಹಣ್ಣಿಗೋಸ್ಕರ ಇಷ್ಟೆಲ್ಲಾ ಮಾಡಿದ್ಯಾ? ನೀನು ತಂದಿಟ್ಟಿದ್ರಲ್ಲಿ ಒಂದನ್ನೂ ನಾನು ತಿಂದಿಲ್ಲ ಕಣೋ. ಅಕ್ಕಪಕ್ಕದವ್ರಿಗೆ ಕೊಟ್ಬಿಡ್ತಿದ್ದೆ."

"ಯಾಕಕ್ಕ? ಸಿಹಿ ಇರ್ಲಿಲ್ವಾ?"

"ಸಿಹಿ ಇತ್ತೋ ಇಲ್ವೋ, ನಂಗೇನು ಗೊತ್ತು? ಅವ್ವನ ಮರದ ಹಣ್ಣನ್ನ ಇಲ್ಲಿ ಒಬ್ಳೇ ಕೂತು ತಿನ್ನಕ್ಕೆ ಗಂಟಲಲ್ಲಿ ಇಳೀತಿರ್ಲಿಲ್ಲ." ಅವಳು ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಅಲ್ಲಾ, ಹಣ್ಣು ಗೇಟಿಂದ ಈಚೆಗೆ ಬರ್ಬಾರ್ದು ಅಂದ್ರು. ನಾನು ಗೇಟಿಂದ ಒಳಕ್ಕೆ ಬರ್ಬಾರ್ದು ಅಂತ ಯಾರಾದ್ರೂ ಅಂದಿದ್ರಾ?"

ಅಪ್ಪಯ್ಯಣ್ಣ ಎದ್ದು ಹೋಗಲು ಬಿಸಿಲನ್ನು ಹುಡುಕಿದ. ಬಿಸಿಲು ಧಾರಾಳವಾಗಿಯೇ ಇತ್ತು, ಅವನ ಬಾಯಿಂದ ಮಾತ್ರ ಆ ಮಾತು ಹೊರಡಲಿಲ್ಲ. ಬಾಯಿಗೆ ಬಂದದ್ದು ಬೇರೊಂದು, ಅದೂ ದಡ್ಡತನದ್ದು.

"ನಾಳೆ ಕಾಯೆಲ್ಲಾ ಇಳಿಸ್ತಾರಂತೆ ಅಕ್ಕ. ಹಬ್ಬಕ್ಕೆ ನೀನು ಬಂದ್ರೂ ನಿಂಗೆ ಕೊಡಕ್ಕೆ ಮರದಲ್ಲಿ ಒಂದು ಹಣ್ಣೂ ಇರಲ್ಲ."

"ಹಣ್ಣಿಲ್ದಿದ್ರೆ ಕರೆಯಲ್ವಾ?"

ಅವಳು ಜಗಳ ತೆಗೆಯುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು, ಉತ್ತರಕ್ಕಾಗಿ ಅವನ ಮುಖವನ್ನೇ ನೋಡುತ್ತಿದ್ದಳು. ಅದು ಅಪ್ಪಯ್ಯಣ್ಣನ ಎದೆಗೆ ನೇರವಾಗಿ ನಾಟಿತು.

"ಬಾರಕ್ಕ" ಎಂದ.

"ಹಂಗಲ್ಲ ಕರೆಯೋದು" ಎಂದಳು ಅಂಜಿನಮ್ಮ. "ನಾಳೆ ಮುನಿರತ್ನಮ್ಮನ್ನ ಕರ್ಕೊಂಡು, ಅರಿಶಿಣ ಕುಂಕುಮ ತಗೊಂಡು ಬಾ. ಆಮೇಲೆ ಬರ್ತೀನಿ."

ಹಾಗೆ ಹೇಳಿ ಒಳಗೆ ಹೋದಳು. ಬೀರುವಿನ ಬಾಗಿಲು ತೆಗೆದ ಸದ್ದು ಕೇಳಿಸಿತು, ಅವಳು ಆಗಲೇ ಸೀರೆ ಹುಡುಕುತ್ತಿದ್ದಳು.